ಸ್ಪರ್ಶಗ್ರಹಣ: ಕೈಯಿಂದ ಮತ್ತು ಕೈಸಲಕರಣೆಯಿಂದ ವಸ್ತುಗುಣಗಳನ್ನು ಅರಿಯುವ ಬಗೆ

ವಸ್ತುವೊಂದನ್ನು ಮುಟ್ಟಿ, ಒತ್ತಿ, ಸವರಿ, ಎತ್ತಿ, ಬೀಸಿ, ಇಲ್ಲವೆ ಕೈಯಲ್ಲಿರುವ ಕೋಲು, ಸುತ್ತಿಗೆ, ಸೌಟುಗಳಿಂದ ತಟ್ಟಿ ಕಲಕಿ ಅದರ ಒರಟುತನ, ಗಡಸುತನ, ತೂಕ, ಉದ್ದ, ಆಕಾರ, ಬಿಸಿ-ತಂಪುಗಳನ್ನು ಅರಿಯುವ ಸಾಮರ್ಥ್ಯವೇ ಸ್ಪರ್ಶಗ್ರಹಣ. ಚರ್ಮಕ್ಕೆ ಏನಾದರೂ ತಾಗಿದಾಗ ಹುಟ್ಟುವ ಸಂವೇದನೆ ಇದರ ಒಂದು ಭಾಗ ಮಾತ್ರ. ಸ್ನಾಯು, ಸ್ನಾಯುರಜ್ಜು, ಕೀಲುಗಳು ತಮ್ಮ ಎಳೆತ, ಬಾಗು, ಶ್ರಮಗಳ ಬಗ್ಗೆ ಮಿದುಳಿಗೆ ಕಳಿಸುವ ಸಂಕೇತಗಳು ಇನ್ನೊಂದು ಭಾಗ. ಈ ಎರಡೂ ಕೂಡಿ ಅರ್ಥ ಪಡೆಯುವುದು ಕೈ ಚಲಿಸಿದಾಗ. ಮೇಜಿನ ಮೇಲೆ ಸುಮ್ಮನೆ ಇಟ್ಟ ಬೆರಳಿಗೆ ಆ ಮೇಲ್ಮೈ ಎಷ್ಟು ನುಣುಪು, ಎಷ್ಟು ತರಿ ಎಂಬುದು ಸರಿಯಾಗಿ ತಿಳಿಯದು. ಬೆರಳನ್ನು ಒಂದು ಅಂಗುಲ ಸರಿಸಿದರೆ ಸಾಕು, ತಿಳಿಯುತ್ತದೆ. ಹಾಗಾಗಿ ಸ್ಪರ್ಶವನ್ನು ಕಣ್ಣು ಕಿವಿಗಳ ಸಾಲಿನ ಮತ್ತೊಂದು ಇಂದ್ರಿಯವೆಂದಷ್ಟೇ ಎಣಿಸುವ ರೂಢಿ ಅಷ್ಟೇನೂ ಸಮರ್ಪಕವಲ್ಲ. ಇಲ್ಲಿ ಇಂದ್ರಿಯವನ್ನೂ ಕೈಕೆಲಸವನ್ನೂ ಬೇರ್ಪಡಿಸಿ ನೋಡಲು ಬರುವುದಿಲ್ಲ.

ಅಧ್ಯಯನದ ಹಿನ್ನೆಲೆ

ಸ್ಪರ್ಶವನ್ನು ಅಳತೆಗೆ ಒಳಪಡಿಸಿದವರಲ್ಲಿ ಮೊದಲಿಗ ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾಲಯದ ಅಂಗರಚನಾಶಾಸ್ತ್ರಜ್ಞ ಎರ್ನ್ಸ್ಟ್ ಹೈನ್‌ರಿಖ್ ವೆಬರ್. 1834ರಲ್ಲಿ ಲ್ಯಾಟಿನ್ ಭಾಷೆಯಲ್ಲಿಯೂ 1846ರಲ್ಲಿ ಜರ್ಮನ್ ಭಾಷೆಯಲ್ಲಿಯೂ ಆತ ಪ್ರಕಟಿಸಿದ ಗ್ರಂಥಗಳು ಈ ಕ್ಷೇತ್ರದ ಬುನಾದಿ. ಕೈವಾರದ ಎರಡು ಮೊನೆಗಳನ್ನು ಚರ್ಮಕ್ಕೆ ತಾಗಿಸಿ, ಅವು ಎಷ್ಟು ಹತ್ತಿರ ಬಂದಾಗ ಒಂದೇ ಎನಿಸುತ್ತವೆ ಎಂದು ವೆಬರ್ ಮೈಯ ಬೇರೆಬೇರೆ ಕಡೆ ಅಳೆದ. ಬೆರಳ ತುದಿಯಲ್ಲಿ ಎರಡು-ಮೂರು ಮಿಲಿಮೀಟರ್ ಅಂತರವಿದ್ದರೂ ಎರಡು ಮೊನೆಗಳು ಬೇರೆಯಾಗಿ ತಿಳಿಯುತ್ತವೆ. ಬೆನ್ನಿನ ಮೇಲೆ ಅದಕ್ಕೆ ಸುಮಾರು 40 ಮಿಲಿಮೀಟರ್ ಬೇಕು. ತೂಕದ ವಿಷಯದಲ್ಲಿ ಆತ ಕಂಡುಕೊಂಡದ್ದು ಇನ್ನೂ ಮುಖ್ಯವಾದುದು. ಎರಡು ತೂಕಗಳ ನಡುವಿನ ವ್ಯತ್ಯಾಸ ತಿಳಿಯುವುದು ಇಷ್ಟು ಗ್ರಾಂ ಎಂಬ ಲೆಕ್ಕದಲ್ಲಿ ಅಲ್ಲ, ಮೂಲ ತೂಕದ ಇಷ್ಟನೆಯ ಒಂದು ಪಾಲು ಎಂಬ ಲೆಕ್ಕದಲ್ಲಿ. ಕೈಯನ್ನು ಮೇಜಿನ ಮೇಲಿಟ್ಟು ಅದರ ಮೇಲೆ ತೂಕ ಇರಿಸಿದಾಗ ಆ ಪಾಲು ಸುಮಾರು 30ರಲ್ಲಿ ಒಂದು, ಕೈಯೆತ್ತಿ ತೂಗಿ ನೋಡಲು ಬಿಟ್ಟಾಗ 40ರಲ್ಲಿ ಒಂದು. ಚಲನೆ ಸೇರಿದೊಡನೆ ಅರಿವು ಹರಿತವಾಗುತ್ತದೆ ಎಂಬುದಕ್ಕೆ ಇದು ಮೊದಲ ಸಂಖ್ಯಾಪುರಾವೆ. ಲೈಪ್‌ಜಿಗ್‌ನವನೇ ಆದ ಗುಸ್ತಾವ್ ಫೆಖ್ನರ್ 1860ರಲ್ಲಿ ಇದಕ್ಕೆ ವೆಬರ್ ನಿಯಮವೆಂದು ಹೆಸರಿಟ್ಟು ಅದರ ಮೇಲೆ ಮನೋಭೌತವಿಜ್ಞಾನವನ್ನು ಕಟ್ಟಿದ.

ಇದಾದ ಬಳಿಕ ಬಹುಕಾಲ ಪ್ರಯೋಗಶಾಲೆಗಳು ಚರ್ಮದ ಮೇಲಿನ ಚುಕ್ಕೆಗಳಲ್ಲೇ ಸಿಲುಕಿಕೊಂಡವು. ಬಿಸಿಯ ಚುಕ್ಕೆ, ತಂಪಿನ ಚುಕ್ಕೆ, ನೋವಿನ ಚುಕ್ಕೆ ಎಂದು ಸುಮ್ಮನಿದ್ದ ಕೈಯ ನಕ್ಷೆ ಬಿಡಿಸುವುದೇ ಕೆಲಸವಾಯಿತು. ಇದನ್ನು ಮುರಿದವನು ಡೇವಿಡ್ ಕಾಟ್ಸ್. 1925ರಲ್ಲಿ ಹೊರಬಂದ ಆತನ ಗ್ರಂಥ ಕಾಗದ, ಬಟ್ಟೆ, ಚರ್ಮಗಳಂಥ ನಿಜವಾದ ವಸ್ತುಗಳನ್ನು ನಿಜವಾದ ಕೈಗಳು ಹೇಗೆ ಗುರುತಿಸುತ್ತವೆ ಎಂಬುದನ್ನು ವಿವರಿಸಿತು. ಸ್ಪರ್ಶದಲ್ಲಿ ಕಂಪನದ ಪಾತ್ರ ದೊಡ್ಡದು ಎಂದು ಒತ್ತಿ ಹೇಳಿದವನೂ ಈತನೇ. ಆದರೆ ಈ ಗ್ರಂಥದ ಇಂಗ್ಲಿಷ್ ಅನುವಾದ ಬಂದದ್ದು 1989ರಲ್ಲಿ. ಅಷ್ಟು ತಡವಾದ್ದರಿಂದ ಇದರ ಅನೇಕ ಸಂಗತಿಗಳನ್ನು ಇತರರು ಮತ್ತೆ ಹೊಸದಾಗಿ ಕಂಡುಹಿಡಿಯಬೇಕಾಯಿತು.

ಅಮೆರಿಕದ ಜೇಮ್ಸ್ ಗಿಬ್ಸನ್ 1962ರಲ್ಲಿ ನಡೆಸಿದ ಪ್ರಯೋಗ ಸರಳವಾಗಿತ್ತು. ಬಿಸ್ಕತ್ತಿನ ಹಿಟ್ಟು ಕತ್ತರಿಸುವ ಸಣ್ಣ ತಗಡಿನ ಅಚ್ಚುಗಳನ್ನು ಆತ ಜನರ ಅಂಗೈಗೆ ಒತ್ತಿ, ಆಕಾರ ಯಾವುದೆಂದು ಕೇಳಿದ. ಉತ್ತರಗಳಲ್ಲಿ ಸರಿಯಾದದ್ದು ಶೇ. 49. ಅದೇ ಅಚ್ಚನ್ನು ಬೆರಳಿನಿಂದ ತಡವಿ ನೋಡಲು ಬಿಟ್ಟಾಗ ಶೇ. 95. ಅಂಗೈಯನ್ನು ಸುಮ್ಮನೆ ಹಿಡಿಸಿ ಅಚ್ಚನ್ನು ಪ್ರಯೋಗಕಾರನೇ ಹೊರಳಿಸಿದಾಗಲೂ ಫಲ ಶೇ. 72ಕ್ಕೆ ಏರಿತು. ಮುಟ್ಟುವುದಕ್ಕೂ ಮುಟ್ಟಿಸಿಕೊಳ್ಳುವುದಕ್ಕೂ ಇರುವ ಅಂತರವನ್ನು ಇಷ್ಟು ಚಿಕ್ಕ ಸಾಮಗ್ರಿಯಲ್ಲಿ ತೋರಿಸಿದ ಪ್ರಯೋಗ ಇನ್ನೊಂದಿಲ್ಲ.

ಚರ್ಮ ಮತ್ತು ಸ್ನಾಯು

ಅಂಗೈ ಹಾಗೂ ಬೆರಳುಗಳ ಒಳಬದಿಯ ರೋಮವಿಲ್ಲದ ಚರ್ಮದಲ್ಲಿ ಒತ್ತಡ ಮತ್ತು ಕಂಪನಗಳಿಗೆ ಸ್ಪಂದಿಸುವ ಸುಮಾರು 17,000 ನರತಂತುಗಳಿವೆ ಎಂದು ಸ್ವೀಡನ್ನಿನ ರೋಲಂಡ್ ಯೊಹಾನ್ಸನ್ ಮತ್ತು ಓಕೆ ವಾಲ್ಬೊ 1979ರಲ್ಲಿ ಅಂದಾಜು ಮಾಡಿದರು. ಇವು ನಾಲ್ಕು ಬಗೆ. ಮೆರ್ಕೆಲ್ ಗ್ರಾಹಕಗಳು ಒತ್ತಡ ಇರುವಷ್ಟು ಹೊತ್ತೂ ಸಂಕೇತ ಕಳಿಸುತ್ತ ಅಂಚು, ಮೂಲೆ, ಉಬ್ಬುಗಳನ್ನು ತಿಳಿಸುತ್ತವೆ. ಮೈಸ್ನರ್ ಗ್ರಾಹಕಗಳು ತಾಗಿದ ಮತ್ತು ಬಿಟ್ಟ ಕ್ಷಣಗಳಿಗೆ, ವಸ್ತು ಜಾರುವುದಕ್ಕೆ ಸ್ಪಂದಿಸುತ್ತವೆ. ರುಫಿನಿ ಗ್ರಾಹಕಗಳಿಗೆ ಚರ್ಮದ ಎಳೆತ ಗೊತ್ತಾಗುತ್ತದೆ. ಚರ್ಮದ ಆಳದಲ್ಲಿರುವ ಪಾಸೀನಿಯನ್ ಗ್ರಾಹಕಗಳು ಸೆಕೆಂಡಿಗೆ 200ರಿಂದ 300 ಆವರ್ತದ ಕಂಪನಗಳಿಗೆ ಅತಿ ಸೂಕ್ಷ್ಮ. ಕೈಯಲ್ಲಿ ಹಿಡಿದ ಉಪಕರಣದ ತುದಿಗೆ ಏನಾಯಿತೆಂದು ಹೇಳುವ ಕೆಲಸ ಬಹುಮಟ್ಟಿಗೆ ಇವುಗಳದು. ಒತ್ತಡವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಪೀಜೋ ಎಂಬ ಪ್ರೋಟೀನುಗಳನ್ನು ಆರ್ಡೆಮ್ ಪಟಪೂಟಿಯನ್ ತಂಡ 2010ರಲ್ಲಿ ಪತ್ತೆಹಚ್ಚಿತು. 2021ರ ವೈದ್ಯವಿಜ್ಞಾನದ ನೊಬೆಲ್ ಬಹುಮಾನದಲ್ಲಿ ಅವರಿಗೆ ಪಾಲು ಸಿಕ್ಕಿದ್ದು ಇದಕ್ಕೇ.

ಸ್ನಾಯುಗಳೊಳಗಿನ ತಂತುಗ್ರಾಹಕಗಳು ಸ್ನಾಯು ಎಷ್ಟು ಹಿಗ್ಗಿದೆ, ಎಷ್ಟು ವೇಗವಾಗಿ ಹಿಗ್ಗುತ್ತಿದೆ ಎಂಬುದನ್ನೂ ಸ್ನಾಯುರಜ್ಜುಗಳಲ್ಲಿರುವ ಗಾಲ್ಜಿ ಅಂಗಗಳು ಅದು ಎಳೆಯುತ್ತಿರುವ ಬಲವನ್ನೂ ತಿಳಿಸುತ್ತವೆ. ಕಣ್ಣು ಮುಚ್ಚಿಕೊಂಡರೂ ತನ್ನ ಕೈ ಎಲ್ಲಿದೆ ಎಂಬುದು ಯಾರಿಗೂ ಗೊತ್ತಿರುವುದು ಇವುಗಳಿಂದ.

ಬೆರಳ ತುದಿಯ ಸೂಕ್ಷ್ಮತೆ ಎಲ್ಲರಲ್ಲೂ ಒಂದೇ ಇರುವುದಿಲ್ಲ. ವಯಸ್ಸಾದಂತೆ ಅದು ಮೊಂಡಾಗುತ್ತದೆ. ಬೆರಳು ಚಿಕ್ಕದಿದ್ದಷ್ಟೂ ಗ್ರಾಹಕಗಳು ಒತ್ತೊತ್ತಾಗಿರುವುದರಿಂದ ಸೂಕ್ಷ್ಮತೆ ಹೆಚ್ಚು. ಹೆಂಗಸರ ಬೆರಳು ಸರಾಸರಿಯಲ್ಲಿ ಹೆಚ್ಚು ಸೂಕ್ಷ್ಮವೆಂದು ಕಂಡುಬರುವುದಕ್ಕೆ ಮುಖ್ಯ ಕಾರಣ ಇಷ್ಟೇ. ಬ್ರೈಲ್ ಲಿಪಿಯ ಚುಕ್ಕೆಗಳ ನಡುವಿನ ಅಂತರ ಸುಮಾರು ಎರಡೂವರೆ ಮಿಲಿಮೀಟರ್, ಎಂದರೆ ಬೆರಳ ತುದಿ ಬೇರ್ಪಡಿಸಬಲ್ಲ ಅಂತರದ ಆಸುಪಾಸು. 1951ರಲ್ಲಿ ಒಪ್ಪಿತವಾದ ಭಾರತಿ ಬ್ರೈಲ್ ವ್ಯವಸ್ಥೆಯಲ್ಲಿ ಕನ್ನಡ ಓದುವ ಬೆರಳುಗಳೂ ಇದೇ ಅಂತರವನ್ನು ನೆಚ್ಚಿಕೊಂಡಿವೆ.

ಕೈಚಲನೆ ಮತ್ತು ವಸ್ತುಗುಣ

ಕೆನಡಾದ ಸೂಸನ್ ಲೆಡರ್‌ಮನ್ ಮತ್ತು ಅಮೆರಿಕದ ರಾಬರ್ಟಾ ಕ್ಲಾಟ್ಸ್ಕಿ 1987ರಲ್ಲಿ, ವಸ್ತುಗಳನ್ನು ಪರೀಕ್ಷಿಸುವ ಕೈಗಳನ್ನು ಚಿತ್ರೀಕರಿಸಿ ನೋಡಿದರು. ಯಾವ ಗುಣ ಬೇಕೋ ಅದಕ್ಕೆ ತಕ್ಕ ಚಲನೆಯನ್ನು ಕೈ ತಾನಾಗಿ ಆರಿಸಿಕೊಳ್ಳುತ್ತದೆ ಎಂಬುದು ಸ್ಪಷ್ಟವಾಯಿತು. ತರಿಯೋ ನುಣುಪೋ ತಿಳಿಯಬೇಕಾದರೆ ಬೆರಳು ಅಡ್ಡಡ್ಡ ಸವರುತ್ತದೆ, ಗಡಸುತನಕ್ಕಾದರೆ ಒತ್ತುತ್ತದೆ. ತಾಪ ತಿಳಿಯಲು ಅಂಗೈ ಕದಲದೆ ಇರುತ್ತದೆ. ತೂಕಕ್ಕೆ ವಸ್ತುವನ್ನು ಆಸರೆಯಿಂದ ಎತ್ತಿ ಮೇಲೆ ಕೆಳಗೆ ಆಡಿಸಿ ನೋಡುವುದುಂಟು. ಒಟ್ಟು ಆಕಾರ, ಗಾತ್ರಗಳಿಗೆ ಕೈ ವಸ್ತುವನ್ನು ಇಡಿಯಾಗಿ ತಬ್ಬುತ್ತದೆ; ಆಕಾರದ ನಿಖರ ವಿವರಕ್ಕಾದರೆ ಅಂಚಿನ ಗುಂಟ ಬೆರಳು ಹರಿಯುತ್ತದೆ. ಸಂತೆಯಲ್ಲಿ ಮಾವಿನಹಣ್ಣು ಆರಿಸುವವರನ್ನು ಹತ್ತು ನಿಮಿಷ ಗಮನಿಸಿದರೆ ಈ ಪಟ್ಟಿಯ ಬಹುಪಾಲು ಕಣ್ಣಿಗೆ ಬೀಳುತ್ತದೆ.

ಇದೇ ಇಬ್ಬರು 1985ರಲ್ಲಿ ಇನ್ನೊಬ್ಬ ಸಹೋದ್ಯೋಗಿಯೊಂದಿಗೆ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರ ಕೈಗೆ 100 ದಿನಬಳಕೆಯ ವಸ್ತುಗಳನ್ನು ಕೊಟ್ಟಿದ್ದರು. ಶೇ. 96ರಷ್ಟು ಸರಿಯುತ್ತರ ಬಂತು, ಅದೂ ಹೆಚ್ಚಿನವು 5 ಸೆಕೆಂಡಿನೊಳಗೆ. ಆದರೆ ಅಂಥವೇ ವಸ್ತುಗಳ ಉಬ್ಬುಗೆರೆ ಚಿತ್ರಗಳನ್ನು ತಡವಲು ಕೊಟ್ಟಾಗ ಜನರಿಗೆ ಗುರುತು ಸಿಕ್ಕಿದ್ದು ಸುಮಾರು ಮೂರನೆಯ ಒಂದು ಪಾಲಿಗೆ ಮಾತ್ರ, ಅದಕ್ಕೆ ಒಂದು ನಿಮಿಷಕ್ಕೂ ಹೆಚ್ಚು ಸಮಯ ಹಿಡಿಯಿತು. ಸ್ಪರ್ಶದ ಬಲವಿರುವುದು ಗೆರೆಯಲ್ಲಿ ಅಲ್ಲ, ವಸ್ತುವಿನ ಮೈಯಲ್ಲಿ. ಅಂಧರಿಗಾಗಿ ಚಿತ್ರಗಳನ್ನು ಗೆರೆಯಲ್ಲಿ ಉಬ್ಬಿಸಿ ಕೊಟ್ಟರೆ ಸಾಕೆಂದು ನಂಬುವ ಪಠ್ಯಪುಸ್ತಕಗಳು ಈ ಫಲಿತಾಂಶವನ್ನು ಗಮನಿಸುವುದು ಒಳ್ಳೆಯದು.

ಒರಟುತನದ ಅರಿವು ಎರಡು ದಾರಿಯಲ್ಲಿ ಬರುತ್ತದೆ. ಸುಮಾರು 0.2 ಮಿಲಿಮೀಟರಿಗಿಂತ ದಪ್ಪನೆಯ ತರಿಗಳನ್ನು ಚರ್ಮದ ಮೇಲೆ ಬೀಳುವ ಅವುಗಳ ಅಚ್ಚಿನಿಂದಲೇ ಗ್ರಹಿಸಬಹುದು. ಬೆರಳು ಚಲಿಸದಿದ್ದರೂ ಒಂದಿಷ್ಟು ತಿಳಿಯುತ್ತದೆ. ಅದಕ್ಕಿಂತ ಸಣ್ಣ ತರಿಗಳಿಗೆ ಕಂಪನವೇ ಗತಿ. ಬೆರಳು ನಿಂತರೆ ಅರಿವೂ ನಿಲ್ಲುತ್ತದೆ. ಕಾಟ್ಸ್ ಊಹಿಸಿದ್ದ ಈ ಇಬ್ಬಗೆಯನ್ನು ಅಮೆರಿಕದ ಮಾರ್ಕ್ ಹಾಲಿನ್ಸ್ ಮತ್ತು ಸಂಗಡಿಗರು 2000ದ ಸುಮಾರಿಗೆ ಪ್ರಯೋಗಗಳಿಂದ ಖಚಿತಪಡಿಸಿದರು. ಬೆರಳನ್ನು ಬಹುಹೊತ್ತು ಕಂಪನಕ್ಕೆ ಒಡ್ಡಿ ಮಂಕಾಗಿಸಿದಾಗ ಸಣ್ಣ ತರಿಗಳ ವ್ಯತ್ಯಾಸ ಅಳಿಸಿಹೋಯಿತು, ದಪ್ಪ ತರಿಗಳದ್ದು ಉಳಿಯಿತು. ಈ ಕಂಪನದ ದಾರಿ ಎಷ್ಟು ಸೂಕ್ಷ್ಮವೆಂದರೆ, 2013ರಲ್ಲಿ ಸ್ಟಾಕ್‌ಹೋಮಿನ ಸಂಶೋಧಕರು ತಯಾರಿಸಿದ ನಿರಿಗೆ ಮೇಲ್ಮೈಗಳಲ್ಲಿ 13 ನ್ಯಾನೊಮೀಟರ್ ಎತ್ತರದ ಅಲೆಗಳಿದ್ದ ಒಂದನ್ನು, ಅಲೆಯೇ ಇಲ್ಲದ ನುಣುಪು ಮೇಲ್ಮೈಯಿಂದ ಜನ ಬೆರಳಿನಲ್ಲೇ ಬೇರ್ಪಡಿಸಿದರು. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ನಿಲುಕದ ಅಳತೆ ಇದು.

ಗಡಸುತನದಲ್ಲಿ ಚರ್ಮ, ಸ್ನಾಯುಗಳ ಪಾಲು ವಸ್ತುವಿನ ಮೇಲ್ಮೈಯನ್ನು ಅವಲಂಬಿಸಿದೆ. ಮೇಲ್ಮೈಯೇ ಬಗ್ಗುವ ರಬ್ಬರು, ಹಣ್ಣುಗಳಂಥವನ್ನು ಒತ್ತಿದಾಗ ಅದು ಬೆರಳನ್ನು ಎಷ್ಟು ಅಪ್ಪುತ್ತದೆ ಎಂಬುದರಿಂದ ಚರ್ಮವೊಂದೇ ತೀರ್ಮಾನಿಸಬಲ್ಲದು. ಸ್ಪ್ರಿಂಗಿನ ಮೇಲೆ ಕೂತ ಗಟ್ಟಿ ಗುಂಡಿಯನ್ನು ಒತ್ತುವಾಗ ಸ್ನಾಯುಗಳ ಸಾಕ್ಷ್ಯವಿಲ್ಲದೆ ನಡೆಯದು. 1995ರಲ್ಲಿ ಇದನ್ನು ತೋರಿಸಿಕೊಟ್ಟ ಇಬ್ಬರಲ್ಲಿ ಒಬ್ಬರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಮುಂದೆ ಅಮೆರಿಕದ ಎಂಐಟಿಯಲ್ಲಿ ಸ್ಪರ್ಶ ಪ್ರಯೋಗಾಲಯ ಕಟ್ಟಿದ ಮಂಡ್ಯಂ ಶ್ರೀನಿವಾಸನ್. ಸ್ನಾಯುಗಳನ್ನಷ್ಟೇ ನೆಚ್ಚಿದಾಗ ಅಳತೆ ಒರಟಾಗುತ್ತದೆ: ಸ್ಪ್ರಿಂಗಿನ ಬಿರುಸಿನಲ್ಲಿ ಶೇ. 23ರಷ್ಟು, ದ್ರವದ ಮಂದತೆಯಲ್ಲಿ ಶೇ. 34ರಷ್ಟು ವ್ಯತ್ಯಾಸವಿದ್ದರೆ ಮಾತ್ರ ತೋಳಿಗೆ ಗೊತ್ತಾಗುತ್ತದೆ ಎಂದು ಲಿನೆಟ್ ಜೋನ್ಸ್ ಮತ್ತು ಇಯಾನ್ ಹಂಟರ್ ಅಳೆದಿದ್ದಾರೆ. ಸಕ್ಕರೆ ಪಾಕವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಎಳೆ ನೋಡುವ ಅಡುಗೆಯವರು, ಕಲಕುವ ಕೈಯ ಅಂದಾಜನ್ನೇ ನಂಬಿ ಕೂರದೆ ಪರೀಕ್ಷೆಯನ್ನು ಬೆರಳ ತುದಿಗೆ ವರ್ಗಾಯಿಸಿಕೊಂಡಿದ್ದಾರೆ ಎನ್ನಬಹುದು.

ತಾಪದ ವಿಷಯದಲ್ಲಿ ಕೈ ಒಳ್ಳೆಯ ಉಷ್ಣಮಾಪಕವಲ್ಲ. ಒಂದೇ ಕೋಣೆಯಲ್ಲಿರುವ ತಾಮ್ರದ ಚೊಂಬು ಮರದ ಮಣೆಗಿಂತ ತಣ್ಣಗೆನಿಸುತ್ತದೆ. ಎರಡರ ತಾಪವೂ ಒಂದೇ ಆಗಿದ್ದರೂ ತಾಮ್ರ ಬೆರಳಿನ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ. ಹೀಗೆ ಕೈ ಅಳೆಯುವುದು ಶಾಖ ಹರಿದುಹೋಗುವ ವೇಗವನ್ನು, ಆ ಮೂಲಕ ಗುರುತಿಸುವುದು ಲೋಹವೋ ಮರವೋ ಎಂಬುದನ್ನು. ಒದ್ದೆತನಕ್ಕೆ ಮನುಷ್ಯನ ಚರ್ಮದಲ್ಲಿ ಪ್ರತ್ಯೇಕ ಗ್ರಾಹಕವೇ ಇಲ್ಲ. ತಂಪು ಮತ್ತು ತಾಗುವಿಕೆ ಕೂಡಿದಾಗ ಒದ್ದೆ ಎಂಬ ಅನುಭವ ಹುಟ್ಟುತ್ತದೆ. ಒಣಗಲು ಹಾಕಿದ ಬಟ್ಟೆ ಮಳೆಗಾಲದಲ್ಲಿ ಒಣಗಿದೆಯೋ ಇಲ್ಲವೋ ಎಂಬ ಅನುಮಾನ ಬರುವುದು ಇದರಿಂದಲೇ.

ತೂಕ

ಕೈಯಲ್ಲಿ ತೂಗಿ ನೋಡಿ ಹೇಳುವ ತೂಕ ತಕ್ಕಡಿಯ ತೂಕವಲ್ಲ. ಒಂದೇ ತೂಕದ ಎರಡು ಡಬ್ಬಿಗಳಲ್ಲಿ ದೊಡ್ಡದು ಹಗುರ, ಚಿಕ್ಕದು ಭಾರ ಎನಿಸುತ್ತದೆ. ಫ್ರಾನ್ಸಿನ ವೈದ್ಯ ಅಗಸ್ಟಿನ್ ಶಾರ್ಪಾಂತ್ಯೆ 1891ರಲ್ಲಿ ವರದಿ ಮಾಡಿದ ಈ ಭ್ರಮೆ ಮನೋವಿಜ್ಞಾನದಲ್ಲೇ ಅತಿ ಹಟಮಾರಿಯಾದುದು. ಎರಡೂ ಒಂದೇ ತೂಕವೆಂದು ಕಣ್ಣೆದುರಿಗೇ ತಕ್ಕಡಿಯಲ್ಲಿಟ್ಟು ತೋರಿಸಿದರೂ ಅದು ಹೋಗುವುದಿಲ್ಲ. ಕಣ್ಣುಮುಚ್ಚಿ ಕೈಯಿಂದಷ್ಟೇ ಗಾತ್ರ ಅರಿತಾಗಲೂ ಅಷ್ಟೇ ಬಲವಾಗಿರುತ್ತದೆ.

ಬಹುಕಾಲ ಇದಕ್ಕೆ ಕೊಟ್ಟ ವಿವರಣೆ ನಿರೀಕ್ಷೆಯದು: ದೊಡ್ಡದು ಭಾರವಿರಬೇಕೆಂದು ಹೆಚ್ಚು ಬಲ ಹಾಕುತ್ತೇವೆ, ಅದು ಸಲೀಸಾಗಿ ಮೇಲೆದ್ದಾಗ ಹಗುರ ಎನಿಸುತ್ತದೆ. 2000ದಲ್ಲಿ ರ‍್ಯಾಂಡಲ್ ಫ್ಲ್ಯಾನಗನ್ ಮತ್ತು ಮೈಕೆಲ್ ಬೆಲ್ಟ್ಸ್‌ನರ್ ಬೆರಳುಗಳ ಬಲವನ್ನೇ ಅಳೆದು ನೋಡಿದರು. ಕೆಲವೇ ಬಾರಿ ಎತ್ತುವಷ್ಟರಲ್ಲಿ ಬೆರಳುಗಳು ನಿಜವಾದ ತೂಕ ಕಲಿತು ಎರಡು ಡಬ್ಬಿಗಳಿಗೂ ಸಮನಾದ ಬಲ ಹಾಕತೊಡಗಿದವು. ಎತ್ತುತ್ತಿದ್ದವರು ಮಾತ್ರ ಚಿಕ್ಕದೇ ಭಾರ ಎನ್ನುತ್ತಲೇ ಇದ್ದರು. ಕೈಗೆ ಗೊತ್ತಿರುವುದು ಮನಸ್ಸಿಗೆ ಗೊತ್ತಿರಲೇಬೇಕೆಂದಿಲ್ಲ. ಹಳೆಯ ವಿವರಣೆ ಅಲ್ಲಿಗೆ ಕುಸಿದರೂ ಅದರ ಜಾಗಕ್ಕೆ ಬಂದ ಹಲವು ವಿವರಣೆಗಳಲ್ಲಿ ಯಾವುದೂ ಇನ್ನೂ ಪೂರ್ತಿ ಗೆದ್ದಿಲ್ಲ.

ಭಾರದ ಅನುಭವಕ್ಕೆ ಬೆರಕೆಗಳು ಇನ್ನೂ ಇವೆ. ತಣ್ಣಗಿನ ಒಂದು ಬೆಳ್ಳಿ ನಾಣ್ಯ ಹಣೆಯ ಮೇಲೆ ಬೆಚ್ಚಗಿನ ಎರಡು ನಾಣ್ಯಗಳಷ್ಟು ಭಾರವೆನಿಸುತ್ತದೆಂದು ವೆಬರ್ ಬರೆದಿದ್ದಾನೆ. ಒಂದೇ ತೂಕದ ಎರಡು ತುಂಡುಗಳಲ್ಲಿ ಲೋಹದಂತೆ ಕಾಣುವುದು ಹಗುರವೆನಿಸುತ್ತದೆ. ಅನುಭವ ಹೆಚ್ಚಿದರೆ ಭ್ರಮೆ ಕಡಿಮೆಯಾಗುತ್ತದೆ ಎಂದೂ ಹೇಳುವಂತಿಲ್ಲ. ಅಭ್ಯಾಸಕ್ಕೆ ಬಳಸುವ ಹಗುರ ಗಾಲ್ಫ್ ಚೆಂಡನ್ನು ನಿಜವಾದ ಚೆಂಡಿನಷ್ಟೇ ತೂಕ ಮಾಡಿ ಕೊಟ್ಟಾಗ, ಪಳಗಿದ ಆಟಗಾರರಿಗೆ ಮಾತ್ರ ಅದು ಹೆಚ್ಚು ಭಾರವೆನಿಸಿತು. ಆಟವೇ ತಿಳಿಯದವರು ಎರಡೂ ಒಂದೇ ಎಂದರು.

ಬೀಸಿ ಅರಿಯುವುದು

ಕೋಲಿನ ಒಂದು ತುದಿ ಹಿಡಿದು ಪರದೆಯ ಹಿಂದೆ ಬೀಸಿದರೆ, ಇನ್ನೊಂದು ತುದಿಯನ್ನು ನೋಡದೆ, ಎಲ್ಲಿಗೂ ತಾಗಿಸದೆ ಅದರ ಉದ್ದವನ್ನು ಹೇಳಬಹುದು. ಇದನ್ನು ಚಲನಸ್ಪರ್ಶ ಎನ್ನುತ್ತಾರೆ. ಗಿಬ್ಸನ್ 1966ರಲ್ಲಿ ಇದನ್ನು ಗುರುತಿಸಿದ್ದರೂ ಕ್ರಮಬದ್ಧವಾಗಿ ಅಧ್ಯಯನ ಮಾಡಿದ್ದು ಕನೆಕ್ಟಿಕಟ್ ವಿಶ್ವವಿದ್ಯಾಲಯದ ಮೈಕೆಲ್ ಟರ್ವಿ ಮತ್ತು ಅವರ ಶಿಷ್ಯಬಳಗ. 1988ರ ಪ್ರಯೋಗದಲ್ಲಿ ಜನ ಕೋಲನ್ನು ಬೀಸುತ್ತ, ಅದರ ತುದಿ ಎಲ್ಲಿಗೆ ಮುಟ್ಟಬಹುದೋ ಅಲ್ಲಿಗೆ ಗುರುತು ಹಲಗೆಯೊಂದನ್ನು ಸರಿಸಿದರು. ಅಂದಾಜುಗಳು ನಿಜವಾದ ಉದ್ದವನ್ನು ಚೆನ್ನಾಗಿಯೇ ಅನುಸರಿಸಿದವು.

ಕೈಗೆ ಉದ್ದ ನೇರವಾಗಿ ಸಿಗುವುದಿಲ್ಲ. ಸಿಗುವುದು ಬೀಸಿನ ವೇಗ ಬದಲಿಸುವಾಗ ಕೋಲು ಒಡ್ಡುವ ಪ್ರತಿರೋಧ, ಎಂದರೆ ಭೌತವಿಜ್ಞಾನ ಜಡತ್ವ ಭ್ರಾಮಕವೆಂದು ಕರೆಯುವ ಪರಿಮಾಣ. ಕೋಲಿನ ಪ್ರತಿಯೊಂದು ಚೂರಿನ ದ್ರವ್ಯರಾಶಿಯನ್ನು, ಮಣಿಕಟ್ಟಿನಿಂದ ಅದು ಇರುವ ದೂರದ ವರ್ಗದಿಂದ ಗುಣಿಸಿ ಕೂಡಿದರೆ ಈ ಪರಿಮಾಣ ಬರುತ್ತದೆ. ಒಂದೇ ದಪ್ಪದ ಕೋಲಿನ ಉದ್ದ ಇಮ್ಮಡಿಯಾದರೆ ತೂಕ ಎರಡು ಪಟ್ಟಾಗುತ್ತದೆ, ತುದಿಯಲ್ಲಿ ಹಿಡಿದು ಬೀಸುವ ಪ್ರತಿರೋಧ ಎಂಟು ಪಟ್ಟಾಗುತ್ತದೆ. ಉದ್ದದ ಸಣ್ಣ ವ್ಯತ್ಯಾಸವೂ ಇಲ್ಲಿ ಹಿಗ್ಗಿ ಕಾಣುವುದರಿಂದ ಕೈಗೆ ಅದು ಸುಲಭವಾಗಿ ಸಿಕ್ಕುತ್ತದೆ. ಒಂದೇ ಉದ್ದದ ಕೋಲುಗಳಲ್ಲಿ ಉಕ್ಕಿನದು ಮರದ್ದಕ್ಕಿಂತ ಉದ್ದವೆನಿಸುವುದೂ, ಕೋಲಿಗೆ ಕಟ್ಟಿದ ಭಾರವನ್ನು ತುದಿಯ ಕಡೆಗೆ ಸರಿಸಿದಂತೆ ಕೋಲು ಬೆಳೆದಂತೆ ಭಾಸವಾಗುವುದೂ ಇದೇ ಕಾರಣಕ್ಕೆ. ಕೋಲು ಬಾಗಿದೆಯೇ, ತುದಿ ಯಾವ ದಿಕ್ಕಿಗೆ ತಿರುಗಿದೆ, ಕೈ ಅದನ್ನು ಎಲ್ಲಿ ಹಿಡಿದಿದೆ ಎಂಬುದನ್ನೂ ಬೀಸಿ ತಿಳಿಯಬಹುದು. ಟೆನಿಸ್ ರ‍್ಯಾಕೆಟ್ಟನ್ನು ನೋಡದೆ ಬೀಸಿದವರು, ಚೆಂಡು ಬಡಿದರೆ ಕೈ ಜುಮ್ಮೆನ್ನದ ಆ ಒಳ್ಳೆಯ ಜಾಗ ಎಲ್ಲಿದೆ ಎಂದು ಹೇಳಬಲ್ಲರು. ಆಟಗಾರರಲ್ಲದವರಿಗೂ ಇದು ಸಾಧ್ಯವೆಂದು 1999ರಲ್ಲಿ ಕ್ಲಾಡಿಯಾ ಕರೆಲ್ಲೊ ತಂಡ ತೋರಿಸಿತು. ಅಂಗಡಿಯಲ್ಲಿ ಕ್ರಿಕೆಟ್ ಬ್ಯಾಟು ಕೊಳ್ಳುವವರು ಎರಡು ಸಲ ಗಾಳಿಯಲ್ಲಿ ಬೀಸದೆ ದುಡ್ಡು ಕೊಡದಿರುವುದರಲ್ಲಿ ಅರ್ಥವಿದೆ.

ಈ ಸಿದ್ಧಾಂತಕ್ಕೆ ಆಕ್ಷೇಪಗಳೂ ಬಂದಿವೆ. ಕೋಲನ್ನು ಬೀಸದೆ ಕದಲದಂತೆ ಹಿಡಿದಾಗಲೂ ಉದ್ದದ ಅಂದಾಜು ಸಿಗುತ್ತದೆ. ಆಗ ಕೆಲಸ ಮಾಡುವುದು ಕೋಲಿನ ಭಾರ ಮಣಿಕಟ್ಟನ್ನು ಕೆಳಕ್ಕೆ ಹೊರಳಿಸುವ ಬಲ. ನೆದರ್ಲೆಂಡ್ಸ್‌ನ ಸಂಶೋಧಕರು 2004ರ ಹೊತ್ತಿಗೆ, ಬೀಸುವಾಗಲೂ ಈ ಬಲ ಮತ್ತು ಒಟ್ಟು ತೂಕ ಲೆಕ್ಕಕ್ಕೆ ಬರುತ್ತವೆ ಎಂದು ವಾದಿಸಿದರು. ಪ್ರತಿರೋಧವೊಂದರಿಂದಲೇ ಎಲ್ಲವನ್ನೂ ವಿವರಿಸುವ ಮೂಲ ಉತ್ಸಾಹ ಈಗ ತಗ್ಗಿದೆ. ಗಾತ್ರ-ತೂಕದ ಭ್ರಮೆಯನ್ನೂ ಇದರಿಂದಲೇ ಬಿಡಿಸಬಹುದೆಂದು 1996ರಲ್ಲಿ ಟರ್ವಿ ಬಳಗ ಹೇಳಿದ್ದನ್ನು ಎಲ್ಲರೂ ಒಪ್ಪಿಲ್ಲ.

ಸಲಕರಣೆಯ ತುದಿಯ ಸ್ಪರ್ಶ

ಕೋಲಿನ ತುದಿ ನೆಲಕ್ಕೆ ತಾಗಿದಾಗ ಚರ್ಮಕ್ಕೆ ತಾಗುವುದು ಕೋಲಿನ ಹಿಡಿ. ಆದರೆ ಹಿಡಿದವರಿಗೆ ಅರಿವಾಗುವುದು ನೆಲ. ರೆನೆ ಡೆಕಾರ್ಟ್ 1637ರ ತನ್ನ ದೃಗ್ವಿಜ್ಞಾನದ ಪ್ರಬಂಧದಲ್ಲಿ, ಹುಟ್ಟುಕುರುಡರು ಕೋಲಿನಿಂದ ಮರ, ಕಲ್ಲು, ಮರಳು, ನೀರು, ಕೆಸರುಗಳನ್ನು ಎಷ್ಟು ಚೆನ್ನಾಗಿ ಬೇರ್ಪಡಿಸುತ್ತಾರೆ ಎಂಬುದನ್ನು ಬೆಳಕಿನ ಪ್ರಸಾರಕ್ಕೆ ಹೋಲಿಕೆಯಾಗಿ ಬಳಸಿದ. ಎರಡು ಕೈಗಳಲ್ಲಿ ಎರಡು ಕೋಲು ಹಿಡಿದು ಅವು ಸಂಧಿಸುವ ಬಿಂದುವಿನ ದೂರವನ್ನು ಕೈಗಳ ಕೋನದಿಂದ ತಿಳಿಯಬಹುದೆಂಬ ಆತನ ಚಿತ್ರ ಪ್ರಸಿದ್ಧವಾಗಿದೆ.

ಗಟ್ಟಿ ಸಲಕರಣೆಯ ಮೂಲಕ ಬೆರಳಿನ ಮೇಲೆ ಬೀಳುವ ಅಚ್ಚು ಪೂರ್ತಿ ನಷ್ಟವಾಗುತ್ತದೆ. ಉಳಿಯುವುದು ಕಂಪನ ಮತ್ತು ಬಲ. ಇಷ್ಟರಿಂದಲೇ ಮೇಲ್ಮೈ ಎಷ್ಟು ಒರಟೆಂದು ಹೇಳಲು ಜನರಿಗೆ ಸಾಧ್ಯವಿದೆ ಎಂದು ಕ್ಲಾಟ್ಸ್ಕಿ ಮತ್ತು ಲೆಡರ್‌ಮನ್ 1999ರಲ್ಲಿ ತೋರಿಸಿದರು. ಆದರೆ ಅಳತೆಗೋಲು ಬದಲಾಗುತ್ತದೆ. ಬರಿ ಬೆರಳಿಗೆ ಚುಕ್ಕೆಗಳ ನಡುವಿನ ಅಂತರ ಹೆಚ್ಚಿದಂತೆ, ಒಂದು ಮಿತಿಯವರೆಗೆ, ಒರಟುತನ ಹೆಚ್ಚುತ್ತದೆ. ಸಲಕರಣೆ ಹಿಡಿದಾಗ ಮೊನೆ ಚುಕ್ಕೆಗಳ ನಡುವಿನ ಸಂದಿಗೆ ಇಳಿಯುವಷ್ಟು ಅಂತರವಾದಲ್ಲಿ ಒರಟುತನ ತುತ್ತತುದಿಗೇರಿ ಆಮೇಲೆ ಇಳಿಯುತ್ತದೆ. ಹಾಗಾಗಿ ದಪ್ಪ ಮೊನೆಗೆ ನುಣುಪಾಗಿ ತೋರಿದ ಮೇಲ್ಮೈ ಸಣ್ಣ ಮೊನೆಗೆ ತರಿಯಾಗಿ ತೋರಬಹುದು. ಯಾವ ಸಲಕರಣೆಯಿಂದ ಕೇಳಿದೆವೋ ಅದಕ್ಕೆ ತಕ್ಕ ಉತ್ತರ. ಹಲ್ಲಿನ ಹುಳುಕು ಹುಡುಕುವ ವೈದ್ಯರ ಕೊಕ್ಕೆಯ ಮೊನೆ ಅಷ್ಟು ಸಪೂರವಾಗಿರುವುದಕ್ಕೆ ಇದೂ ಕಾರಣ.

ಮೆದು ಗಡಸುಗಳನ್ನು ಸಲಕರಣೆಯಿಂದ ತಿಳಿಯುವಾಗ ಒತ್ತುವುದಕ್ಕಿಂತ ತಟ್ಟುವುದು ಲೇಸು ಎಂದು ರಾಬರ್ಟ್ ಲಮಾಟ್ 2000ದಲ್ಲಿ ಕಂಡುಕೊಂಡರು. ತಟ್ಟಿದಾಗ ಗಟ್ಟಿ ವಸ್ತುವಿನಿಂದ ಬಲ ಥಟ್ಟನೆ ಏರುತ್ತದೆ, ಮೆದುವಿನಿಂದ ನಿಧಾನವಾಗಿ. ತಟ್ಟಿ ನೋಡುವ ವಿದ್ಯೆಗೆ ವೈದ್ಯಶಾಸ್ತ್ರದಲ್ಲಿ ಹಳೆಯ ಚರಿತ್ರೆಯಿದೆ. ಆಸ್ಟ್ರಿಯಾದ ಲಿಯೋಪೋಲ್ಡ್ ಔಯೆನ್‌ಬ್ರುಗರ್ 1761ರಲ್ಲಿ, ಎದೆಯನ್ನು ಬೆರಳಿನಿಂದ ತಟ್ಟಿ ಒಳಗೆ ನೀರು ತುಂಬಿದೆಯೇ ಎಂದು ತಿಳಿಯುವ ವಿಧಾನ ಪ್ರಕಟಿಸಿದ. ಈ ಪರೀಕ್ಷೆ ಮಾಡುವ ವೈದ್ಯರು ಕಿವಿಗೆ ಬೀಳುವ ದನಿಯ ಜೊತೆಗೆ ಬೆರಳಿಗೆ ತಾಗುವ ಪ್ರತಿರೋಧವನ್ನೂ ಗಮನಿಸುತ್ತಾರೆ. ಶಿಲ್ಪಿಗಳು ಉಳಿ ಸುತ್ತಿಗೆಯಿಂದ ತಟ್ಟಿ ಕಲ್ಲನ್ನು ಆರಿಸುವುದೂ ಹೀಗೆಯೇ. ಶಿಲ್ಪಶಾಸ್ತ್ರಗಳು ದನಿಯ ಆಧಾರದಿಂದ ಶಿಲೆಗಳನ್ನು ಪುರುಷ, ಸ್ತ್ರೀ, ನಪುಂಸಕ ಎಂದು ವಿಂಗಡಿಸಿವೆ.

ಉದ್ದ ಕೋಲಿನ ಯಾವ ಜಾಗಕ್ಕೆ ಪೆಟ್ಟು ಬಿತ್ತೆಂಬುದೂ ಹಿಡಿದ ಕೈಗೆ ಗೊತ್ತಾಗುತ್ತದೆ. ಫ್ರಾನ್ಸಿನ ಲಿಯಾನ್ ನಗರದಲ್ಲಿ ಲೂಕ್ ಮಿಲ್ಲರ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಾಗಿದ ಜಾಗಕ್ಕೆ ತಕ್ಕಂತೆ ಕೋಲು ಬೇರೆಬೇರೆಯಾಗಿ ಕಂಪಿಸುತ್ತದೆ. ಆ ಕಂಪನದ ಮಾದರಿಯಿಂದ ನರವ್ಯೂಹ ಜಾಗವನ್ನು ಓದಿಕೊಳ್ಳುತ್ತದೆ. ತಮ್ಮ ತೋಳಿನ ಮೇಲೆ ತಾಗಿದ್ದನ್ನು ಗುರುತಿಸಲು ಬಳಕೆಯಾಗುವ ಮಿದುಳಿನ ಭಾಗಗಳೇ ಇಲ್ಲಿಯೂ ಕೆಲಸ ಮಾಡುತ್ತವೆ ಎಂದು ಅದೇ ತಂಡ ಮರುವರ್ಷ ವರದಿ ಮಾಡಿತು. ಸಲಕರಣೆ ದೇಹದ ಭಾಗವಾಗಿಬಿಡುತ್ತದೆ ಎಂಬ ಮಾತು ಹಳೆಯದು. ಇಂಗ್ಲೆಂಡಿನ ಹೆನ್ರಿ ಹೆಡ್ ಮತ್ತು ಗಾರ್ಡನ್ ಹೋಮ್ಸ್ 1911ರಲ್ಲೇ, ಹೆಂಗಸರ ಟೋಪಿಯ ಗರಿಯವರೆಗೂ ದೇಹದ ಅರಿವು ಚಾಚಿಕೊಳ್ಳುತ್ತದೆ ಎಂದಿದ್ದರು. ಇದಕ್ಕೆ ನರಕೋಶದ ಮಟ್ಟದ ಪುರಾವೆ ಬಂದದ್ದು 1996ರಲ್ಲಿ, ಜಪಾನಿನ ಅತ್ಸುಶಿ ಇರಿಕಿ ತಂಡದಿಂದ. ಕುಂಟೆಯಂಥ ಕೋಲಿನಿಂದ ತಿನಿಸನ್ನು ಎಳೆದುಕೊಳ್ಳಲು ಕಲಿತ ಕೋತಿಗಳಲ್ಲಿ, ಕೈಯ ಸುತ್ತಲಿನ ಜಾಗಕ್ಕೆ ಸ್ಪಂದಿಸುತ್ತಿದ್ದ ನರಕೋಶಗಳು ಕೋಲಿನ ಉದ್ದಕ್ಕೂ ಸ್ಪಂದಿಸತೊಡಗಿದವು. ಕೋಲನ್ನು ಬಳಸದೆ ಬರಿದೇ ಹಿಡಿದಿದ್ದಾಗ ಈ ಬದಲಾವಣೆ ಕಾಣಲಿಲ್ಲ.

ಇದರ ಅತ್ಯಂತ ಉಪಯುಕ್ತ ಅನ್ವಯ ಅಂಧರ ಬಿಳಿಯ ಕೋಲು. 1944ರಲ್ಲಿ ಅಮೆರಿಕದ ವ್ಯಾಲಿ ಫೋರ್ಜ್ ಸೇನಾ ಆಸ್ಪತ್ರೆಗೆ ಬಂದ ರಿಚರ್ಡ್ ಹೂವರ್, ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಉದ್ದನೆಯ ಹಗುರ ಕೋಲನ್ನೂ ಅದನ್ನು ಬೀಸುವ ಕ್ರಮವನ್ನೂ ರೂಪಿಸಿದ. ಒಂದು ಕಾಲು ಮುಂದಿರುವಾಗ ಕೋಲಿನ ತುದಿ ಇನ್ನೊಂದು ಬದಿಯಲ್ಲಿ, ಮುಂದಿನ ಹೆಜ್ಜೆ ಬೀಳಲಿರುವ ಜಾಗವನ್ನು ತಟ್ಟುತ್ತದೆ. ಕೋಲು ಉದ್ದವಿರುವುದರಿಂದ ನಿಲ್ಲಲು ಒಂದು ಹೆಜ್ಜೆಯಷ್ಟು ಅವಕಾಶ ಸಿಗುತ್ತದೆ. ಹಳೆಯ ಊರುಗೋಲು ಕೊಡುತ್ತಿದ್ದುದು ಆಸರೆ, ಇದು ಕೊಡುವುದು ಮುನ್ಸೂಚನೆ.

ನೋಟ ಮತ್ತು ಶಬ್ದದ ಪಾತ್ರ

ಕೈಗೂ ಕಣ್ಣಿಗೂ ಭಿನ್ನಾಭಿಪ್ರಾಯ ಬಂದಾಗ ಸಾಮಾನ್ಯವಾಗಿ ಕಣ್ಣು ಗೆಲ್ಲುತ್ತದೆ. ಆಕಾರವನ್ನು ಕುಗ್ಗಿಸಿ ತೋರಿಸುವ ಮಸೂರದ ಮೂಲಕ ಚೌಕವನ್ನು ನೋಡುತ್ತ ಅದನ್ನೇ ತಡವಿದವರು, ಕೈಗೂ ಅದು ಆಯತವಾಗಿಯೇ ತಿಳಿಯಿತು ಎಂದರು. ಇದು 1964ರ ಪ್ರಯೋಗ. ಆದರೆ ಕಣ್ಣಿನ ಈ ಯಜಮಾನಿಕೆ ಶಾಶ್ವತವಲ್ಲ. 2002ರಲ್ಲಿ ಮಾರ್ಕ್ ಎರ್ನ್ಸ್ಟ್ ಮತ್ತು ಮಾರ್ಟಿನ್ ಬ್ಯಾಂಕ್ಸ್ ನೋಟವನ್ನು ಬೇಕೆಂದೇ ಮಸುಕುಗೊಳಿಸಿದಾಗ ಮಿದುಳು ಕೈಯ ಮಾತಿಗೆ ಹೆಚ್ಚು ಬೆಲೆ ಕೊಟ್ಟಿತು. ಯಾವ ಸಾಕ್ಷಿ ಹೆಚ್ಚು ನಂಬಲರ್ಹವೋ ಅದಕ್ಕೆ ಹೆಚ್ಚು ತೂಕ ಎಂಬ ಲೆಕ್ಕ ಅಲ್ಲಿ ನಡೆಯುತ್ತದೆ. ಕಿವಿಯದೂ ಪಾಲಿದೆ. ಅಂಗೈಗಳನ್ನು ಉಜ್ಜುವ ಸದ್ದಿನ ತಾರಕ ಅಂಶಗಳನ್ನು ಹೆಚ್ಚಿಸಿ ಕೇಳಿಸಿದರೆ ಚರ್ಮ ಒಣ ಕಾಗದದಂತೆ ಭಾಸವಾಗುತ್ತದೆಂದು ಫಿನ್ಲೆಂಡಿನ ಸಂಶೋಧಕರು 1998ರಲ್ಲಿ ತೋರಿಸಿದರು.

ಹುಟ್ಟುಕುರುಡರಿಗೆ ದೃಷ್ಟಿ ಬಂದರೆ, ಕೈಯಿಂದ ಪರಿಚಿತವಾದ ಗೋಳವನ್ನೂ ಘನವನ್ನೂ ನೋಡಿದೊಡನೆ ಗುರುತಿಸುತ್ತಾರೆಯೇ? ಐರ್ಲೆಂಡಿನ ವಿಲಿಯಂ ಮಾಲಿನ್ಯೂ 1688ರಲ್ಲಿ ಜಾನ್ ಲಾಕ್‌ಗೆ ಕೇಳಿದ ಪ್ರಶ್ನೆ ಇದು. ಮೂರು ಶತಮಾನ ತತ್ತ್ವಜ್ಞಾನಿಗಳ ವಾದವಾಗಿ ಉಳಿದಿದ್ದ ಇದಕ್ಕೆ ಪ್ರಯೋಗದ ಉತ್ತರ ಸಿಕ್ಕಿದ್ದು ಭಾರತದಲ್ಲಿ. ಪವನ್ ಸಿನ್ಹಾ ನೇತೃತ್ವದ ಪ್ರಕಾಶ್ ಯೋಜನೆಯಡಿ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಪಡೆದ, 8ರಿಂದ 17 ವಯಸ್ಸಿನ ಐವರು ಮಕ್ಕಳ ಪರೀಕ್ಷೆಯ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಮುಟ್ಟಿ ತಿಳಿದ ಆಕಾರವನ್ನು ನೋಡಿ ಗುರುತಿಸಲು ಅವರಿಗೆ ಮೊದಮೊದಲು ಆಗಲಿಲ್ಲ. ಕೆಲವೇ ದಿನಗಳಲ್ಲಿ ಆ ನಂಟು ಬೆಳೆಯಿತು.

ಕಸುಬು ಮತ್ತು ಯಂತ್ರ

ಸ್ಪರ್ಶದ ಪರಿಣತಿ ಕಸುಬುಗಳಲ್ಲಿ ಬೆಳೆದಷ್ಟು ಪುಸ್ತಕಗಳಲ್ಲಿ ಬೆಳೆದಿಲ್ಲ. ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಕೊಳ್ಳುವ ರೀಲರ್‌ಗಳು ಗೂಡನ್ನು ಬೆರಳುಗಳ ನಡುವೆ ಅದುಮಿ ಚಿಪ್ಪು ಎಷ್ಟು ಗಟ್ಟಿ ಎಂದೂ, ಅಲ್ಲಾಡಿಸಿ ಒಳಗಿನ ಹುಳು ಬಿಡಿಯಾಗಿ ಸದ್ದು ಮಾಡುತ್ತದೆಯೇ ಇಲ್ಲವೇ ಸತ್ತು ಕರಗಿ ಅಂಟಿದೆಯೇ ಎಂದೂ ನೋಡುತ್ತಾರೆ. ರಾಗಿ ಮುದ್ದೆ ಮಾಡುವವರಿಗೆ ಕೋಲು ತಿರುವುವಾಗಲೇ ಹಿಟ್ಟು ಬಿಗಿಯುತ್ತಿರುವುದು, ಗಂಟು ಉಳಿದಿರುವುದು ಕೈಗೆ ತಿಳಿಯುತ್ತದೆ. ಬೆಂದಿದೆಯೇ ಎಂಬ ಕೊನೆಯ ತೀರ್ಪಿಗೆ ಒದ್ದೆ ಬೆರಳಿನಿಂದ ಮುಟ್ಟಿ, ಅಂಟುತ್ತದೋ ಇಲ್ಲವೋ ನೋಡುತ್ತಾರೆ. ಬಟ್ಟೆಯ ಹಿತವನ್ನು ಯಂತ್ರದಿಂದ ಅಳೆಯಲು ಜಪಾನಿನ ಸುಯೆಒ ಕವಾಬಾತ 1970ರ ದಶಕದಲ್ಲಿ ಒಂದು ಕ್ರಮ ರೂಪಿಸಿದರು. ಎಳೆತ, ಬಾಗು, ಅದುಮು, ಉಜ್ಜು ಮೊದಲಾದ ಪರೀಕ್ಷೆಗಳಿಂದ 16 ಅಳತೆಗಳನ್ನು ತೆಗೆದು, ಅವನ್ನು ನುರಿತ ಪರೀಕ್ಷಕರ ಕೈಯ ತೀರ್ಪಿಗೆ ಹೊಂದಿಸುವುದು ಆ ಕ್ರಮ. ಬಟ್ಟೆ ಅಂಗಡಿಯಲ್ಲಿ ಸೆರಗನ್ನು ಬೆರಳಲ್ಲಿ ಹೊಸಕುವ ಒಂದು ಕ್ಷಣದ ಕೆಲಸಕ್ಕೆ ಅಷ್ಟೊಂದು ಯಂತ್ರ ಬೇಕಾಯಿತು.

ದೂರದ ವಸ್ತುವಿನ ಬಲವನ್ನು ಕೈಗೆ ಮರಳಿಸುವ ಯಂತ್ರಗಳು ಹುಟ್ಟಿದ್ದು ಪರಮಾಣು ಉದ್ಯಮದಲ್ಲಿ. ವಿಕಿರಣದ ವಸ್ತುಗಳನ್ನು ಗೋಡೆಯಾಚೆಯಿಂದ ಹಿಡಿಯಲು ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ರೇಮಂಡ್ ಗೋರ್ಟ್ಸ್ 1940 ಮತ್ತು 50ರ ದಶಕಗಳಲ್ಲಿ ಇವನ್ನು ತಯಾರಿಸಿದ. ಕಂಪ್ಯೂಟರಿನೊಳಗಿನ ಕಾಲ್ಪನಿಕ ವಸ್ತುಗಳನ್ನು ಮೊನೆಯಿಂದ ಮುಟ್ಟಿ ನೋಡುವ ಫ್ಯಾಂಟಮ್ ಎಂಬ ಸಾಧನ 1990ರ ದಶಕದ ಮೊದಲ ಭಾಗದಲ್ಲಿ ಎಂಐಟಿಯಲ್ಲಿ ಸಿದ್ಧವಾಯಿತು. 2002ರಲ್ಲಿ ಶ್ರೀನಿವಾಸನ್ ಅವರ ಪ್ರಯೋಗಾಲಯದವರು ಲಂಡನ್ನಿನವರೊಂದಿಗೆ ಅಂತರ್ಜಾಲದ ಮೂಲಕ ಕೂಡಿ, ಇಂಥದೊಂದು ಕಾಲ್ಪನಿಕ ಪೆಟ್ಟಿಗೆಯನ್ನು ಎರಡು ಬದಿಯಿಂದ ಹಿಡಿದು ಎತ್ತಿದರು.

ಶಸ್ತ್ರಚಿಕಿತ್ಸೆಯಲ್ಲಿ ಮಾತ್ರ ಸ್ಪರ್ಶ ಹಿಂದೆ ಸರಿಯಿತು. ಹೊಟ್ಟೆಯನ್ನು ಸಣ್ಣ ರಂಧ್ರಗಳಿಂದ ಪ್ರವೇಶಿಸುವ ಉದ್ದನೆಯ ಉಪಕರಣಗಳಲ್ಲಿ ಒಳಗಿನ ಪ್ರತಿರೋಧ, ರಂಧ್ರದಲ್ಲಿನ ಘರ್ಷಣೆಯೊಂದಿಗೆ ಬೆರೆತು ಮಸುಕಾಗಿ ಕೈಗೆ ಬರುತ್ತದೆ. 2000ದಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡಾ ವಿಂಚಿ ರೋಬಾಟಿನಲ್ಲಿ ಅದೂ ಇರಲಿಲ್ಲ. ಹೊಲಿಗೆಯ ದಾರ ಎಷ್ಟು ಬಿಗಿದಿದೆ, ಅಂಗಾಂಶ ಎಷ್ಟು ಎಳೆದಿದೆ ಎಂಬುದನ್ನು ಶಸ್ತ್ರಚಿಕಿತ್ಸಕರು ಪರದೆಯ ಮೇಲೆ ಅದು ಬಾಗುವುದನ್ನು ಕಂಡು ಊಹಿಸಬೇಕಿತ್ತು. 2024ರಲ್ಲಿ ಅನುಮತಿ ಪಡೆದ ಅದರ ಐದನೆಯ ಪೀಳಿಗೆಯೊಂದಿಗೆ ಬಲವನ್ನು ಕೈಗೆ ಮರಳಿಸುವ ಉಪಕರಣಗಳು ಬಂದಿವೆ. ಅವು ದಾಟಿಸುವುದು ತಳ್ಳುವ, ಎಳೆಯುವ ಬಲವನ್ನಷ್ಟೇ; ಅಂಗಾಂಶದ ನುಣುಪು, ಜಿಗುಟು, ತಾಪಗಳನ್ನು ದಾಟಿಸುವುದಿಲ್ಲ.